ಬಾಳಿಕೆಯ ಚೀಟಿ ತಿಂದ ಆಮೆಯವರಿಗೆ

ಮಾನ್ಯರೇ,

ನಮ್ಮ ಹಿತ್ತಿಲ ನಲ್ಲಿಯ ಕೆಳಗಿನ ಒದ್ದೆ ಜಾಗವನ್ನು ಮೂವತ್ತೊಂದು ವರ್ಷಗಳಿಂದ ಅಲಂಕರಿಸಿರುವ, ನಡಿಗೆಯಲ್ಲಿ ನಿಧಾನರೂ ಊಟದಲ್ಲಿ ಬಲು ಚುರುಕಿನವರೂ ಆದ ತಮಗೆ, ಫ್ಯಾನು-ಮಿಕ್ಸಿ ರಿಪೇರಿಯಲ್ಲಿ ಆಯುಷ್ಯ ಸವೆಸಿ ಈಗ ಸೊಂಟ ಹಿಡಿದುಕೊಂಡು ಮನೆಯಲ್ಲಿ ಕುಳಿತಿರುವ ನನ್ನ ಸವಿನಯ ನಮಸ್ಕಾರಗಳು. ತಾವು ತಲೆ ಒಳಗೆಳೆದುಕೊಳ್ಳುವ ಮುನ್ನ ಈ ದೂರನ್ನು ಆಲಿಸಬೇಕಾಗಿ ವಿನಂತಿ.

ಅಂದು ಒಬ್ಬ ಅಜ್ಜಿ ಕೆಟ್ಟ ಟೇಬಲ್ ಫ್ಯಾನಿನ ಜೊತೆಗೆ ತಮ್ಮನ್ನೂ ನನ್ನ ಅಂಗಡಿಯ ಮೇಜಿನ ಮೇಲಿಟ್ಟು, "ಎರಡು ದಿನ ನೋಡ್ಕೊಳ್ಳಪ್ಪಾ, ಪಾಪ, ವಯಸ್ಸಾಗಿದೆ, ಇನ್ನೆಷ್ಟು ದಿನ ಇರುತ್ತೋ" ಎಂದು ಹೋದವರು ಫ್ಯಾನಿಗಾಗಿಯೂ ಬರಲಿಲ್ಲ, ತಮಗಾಗಿಯೂ ಬರಲಿಲ್ಲ. ಕೈಗೆ ಬಂದ ಪ್ರತಿಯೊಂದಕ್ಕೂ ಬಾಳಿಕೆಯ ಚೀಟಿ ಅಂಟಿಸುವುದು ನನ್ನ ಪದ್ಧತಿ: ಅಂದಿನ ದಿನಾಂಕ, ಅದರ ಕೆಳಗೆ ಎಲ್ಲಿಯವರೆಗೆ ಓಡುತ್ತದೆಂಬ ನನ್ನ ಅಂದಾಜು, ನೀಲಿ ಶಾಯಿ, ಮೈದಾ ಅಂಟು. ತಮ್ಮ ಬೆನ್ನಿಗೂ 'ಎರಡು ವರ್ಷ' ಎಂದು ಅಂಟಿಸಿದೆ. ಸಂಜೆ ಅದು ಉದುರಿತು, ತಾವು ಅದನ್ನು ತಿಂದಿರಿ.

ಆಮೇಲೆ ಈ ಮನೆಯಲ್ಲಿ ಎರಡು ಫ್ರಿಜ್ಜು, ಲೆಕ್ಕವಿಲ್ಲದಷ್ಟು ಕೊಡೆ, ಒಂದು ಸ್ಕೂಟರು ಮತ್ತು ನನ್ನ ಮೇಲಿನ ಸಾಲಿನ ಹಲ್ಲುಗಳು ಕಾಲವಾದವು. ಮಿಕ್ಸಿಗಳಂತೂ ಗ್ಯಾರಂಟಿ ಮುಗಿದ ಮರುದಿನವೇ ಹೊಗೆಯಾಡುವಷ್ಟು ಶಿಸ್ತಿನವು. ಇನ್ನು ಕುಡಿತ ಬಿಡುತ್ತೇನೆಂದು ನನ್ನ ಭಾವಮೈದುನ ಮಾಡಿದ ಪ್ರತಿಜ್ಞೆ ಬೆಳಿಗ್ಗೆ ಹುಟ್ಟಿ ಮಧ್ಯಾಹ್ನದ ಊಟಕ್ಕೆ ಮುಂಚೆ ತೀರಿಕೊಂಡಿತು. ತಾವು ಮಾತ್ರ ಒಂದು ಸ್ಕ್ರೂ ಬಿಗಿಸಿಕೊಳ್ಳದೆ, ಒಂದು ತೊಟ್ಟು ಎಣ್ಣೆ ಕೇಳದೆ ಇದ್ದೀರಿ. ತಮ್ಮಂಥ ಗಿರಾಕಿಗಳೇ ಎಲ್ಲ ಕಡೆ ಇದ್ದಿದ್ದರೆ ನಾನು ಎಂದೋ ಅಂಗಡಿ ಮುಚ್ಚುತ್ತಿದ್ದೆ. ಕಳೆದ ವರ್ಷ ಪಶುವೈದ್ಯರು ತಮ್ಮನ್ನು ಮಗುಚಿ ನೋಡಿ, "ಇದಿನ್ನೂ ಪ್ರಾಯದ್ದು ಸ್ವಾಮಿ, ಇನ್ನೂ ಎಂಬತ್ತು ವರ್ಷ ಏನೂ ಆಗಲ್ಲ" ಎಂದಾಗ ನನ್ನ ಹೆಂಡತಿ ನಕ್ಕೂ ನಕ್ಕೂ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು.

ಈಗ ಮುಖ್ಯ ವಿಷಯ. ಹೇಳಲು ಮನಸ್ಸಿಲ್ಲದ್ದರಿಂದಲೇ ಇಷ್ಟು ಹೊತ್ತು ಸುತ್ತಿ ಬಳಸಿದೆ. ಹನ್ನೆರಡು ವರ್ಷಗಳ ಹಿಂದೆ ಅವಳ ಹೃದಯಕ್ಕೆ ಹೊಸ ಕವಾಟ ಕೂರಿಸಿದ ಡಾಕ್ಟರು, "ಹನ್ನೆರಡು ವರ್ಷ ಆರಾಮಾಗಿ ಬರುತ್ತೆ" ಎಂದರು. ಮನೆಗೆ ಬಂದವನೇ ನಾನು, ಕೈ ಸುಮ್ಮನಿರಲಾರದೆ, ಒಂದು ಚೀಟಿ ಬರೆದು ಬಟ್ಟೆ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಅವಳು ದಿನಾ ತೆರೆಯುವ ಬಾಗಿಲು ಅದು. "ನಿಮ್ಮ ಮಿಕ್ಸಿಗಳ ಜೊತೆ ನನ್ನನ್ನೂ ಸೇರಿಸಿಬಿಟ್ರಾ?" ಎಂದವಳು ಬಟ್ಟೆ ಮಡಿಚಿಡತೊಡಗಿದಳು, ಮತ್ತೆ ಆ ಮಾತೆತ್ತಲಿಲ್ಲ. ಕಿತ್ತುಹಾಕಿದರೆ ಹೆದರಿದ್ದೇನೆಂದು ಅವಳಿಗೆ ಗೊತ್ತಾಗುತ್ತದೆಂದು ನಾನೂ ಅದನ್ನು ಮುಟ್ಟಲಿಲ್ಲ.

ಆ ಗಡುವು ಬರುವ ಗುರುವಾರ ಮುಗಿಯುತ್ತದೆ. ಅವಳು ಮೆಟ್ಟಿಲು ಹತ್ತುತ್ತಾಳೆ, ನನ್ನೊಡನೆ ಪೂರ್ತಿ ವೋಲ್ಟೇಜಿನಲ್ಲಿ ಜಗಳವಾಡುತ್ತಾಳೆ, ಡಾಕ್ಟರೂ ಎಲ್ಲ ಸರಿಯಿದೆ ಎಂದಿದ್ದಾರೆ. ಆದರೂ ನನಗೆ ಭಯವಾಗುತ್ತಿದೆ. ಅವಳಿಗೆ ಹೇಳಲಾರದೆ ತಮಗೆ ಬರೆಯುತ್ತಿದ್ದೇನೆ.

ಆದಕಾರಣ, ತಮ್ಮ ಎಂಬತ್ತು ವರ್ಷಗಳಲ್ಲಿ ಇಪ್ಪತ್ತನ್ನು ಅವಳ ಹೆಸರಿಗೆ ವರ್ಗಾಯಿಸಬೇಕೆಂದು ಕೋರುತ್ತೇನೆ. ಉಳಿದ ಅರವತ್ತರಲ್ಲಿ ತಮ್ಮ ಯಾವ ಘನಕಾರ್ಯವೂ ಕೆಡದು. ಅದು ಸಾಧ್ಯವಾಗದಿದ್ದರೆ ಆ ಚೀಟಿಯನ್ನಾದರೂ ತಿನ್ನಿ. ಈವರೆಗೆ ತಾವು ತಿಂದ ಚೀಟಿಗಳು ಮೂರು: ತಮ್ಮದು, ಗೋಡೆ ಗಡಿಯಾರದ್ದು, ಇಸ್ತ್ರಿಪೆಟ್ಟಿಗೆಯದ್ದು. ಮೂರೂ ಇಂದಿಗೂ ಓಡುತ್ತಿವೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಇವತ್ತೇ ಅದನ್ನು ಕಿತ್ತು, ಸೌತೆಕಾಯಿ ಹೋಳಿನ ನಡುವೆ ಇಟ್ಟು ತರುತ್ತೇನೆ.

ತಮ್ಮ ವಿಶ್ವಾಸಿ,
ಇನ್ನೆಂದೂ ಚೀಟಿ ಬರೆಯದ ರಿಪೇರಿಯವನು

ವಿ.ಸೂ.: ಬೀರು ತೆರೆದರೆ ನಾನು ಅಂಟಿಸಿದ್ದ ಚೀಟಿ ಇರಲಿಲ್ಲ. ಹಿತ್ತಿಲಿಗೆ ಬಂದು ನೋಡಿದರೆ ತಮ್ಮ ತುಟಿಯಂಚಿನಲ್ಲಿ ನೀಲಿ ಶಾಯಿ. ನನಗಿಂತ ಮೊದಲೇ ಅವಳು ತಮ್ಮ ಬಳಿ ಬಂದು ಹೋಗಿದ್ದಾಳೆ. ಅವಳೂ ಹೆದರಿದ್ದಳೆಂದು ಒಂದು ಮಾತು ನನಗೆ ತಿಳಿಸಲು ತಮ್ಮ ಬಾಯಿಗೇನಾಗಿತ್ತು? ಚೀಟಿಯ ಜಾಗದಲ್ಲಿ ಅವಳ ಕೈಬರಹದ ಹೊಸದೊಂದಿದೆ: 'ಯಜಮಾನರು. ಸದ್ದು ಜಾಸ್ತಿ, ಕೆಲಸ ಕಡಿಮೆ. ರಿಪೇರಿ ಆಗುವುದಿಲ್ಲ. ಇರಲಿ.' ಸೌತೆಕಾಯಿಯ ಜೊತೆ ಈ ಚೀಟಿಯನ್ನೂ ಕಳಿಸುತ್ತಿದ್ದೇನೆ, ಚೂರೂ ಉಳಿಸಬೇಡಿ.