ವೇಬ್ರಿಜ್ ಮೇಲೆ ವೀರ

ಹುಸ್ನಾಳ ಪರೀಕ್ಷೆಯೂ ರಾಕ್ಷಸನೂ ಒಂದೇ ದಿನ, ಒಂದೇ ಹೊತ್ತಿಗೆ ಬಂದದ್ದೇ ಜಲೀಲನ ಗ್ರಹಚಾರಕ್ಕೆ ಮೂಲ.

ಹುಸ್ನಾ ಅವನ ಒಬ್ಬಳೇ ಮಗಳು, ಶಿರಸಿಯಲ್ಲಿ ಬಿ.ಕಾಂ. ಓದುತ್ತಿದ್ದಳು. ಅವಳ ಮೊಬೈಲ್ ಆಟದಲ್ಲಿ ಒಬ್ಬ ವೀರ, ಅವನಿಗೊಬ್ಬ ರಾಕ್ಷಸ. ವರ್ಷಕ್ಕೊಮ್ಮೆ ಮಾತ್ರ ಬರುವ ಆ ರಾಕ್ಷಸ ಈ ಸಲ ಮಧ್ಯಾಹ್ನ ಎರಡಕ್ಕೆ ಬಂದು ನಾಲ್ಕಕ್ಕೆ ಹೊರಡುವವನಿದ್ದ. ಅವಳ ಪರೀಕ್ಷೆ ಎರಡರಿಂದ ಐದು. ಬೆಳಿಗ್ಗೆ ಶಿರಸಿಯಲ್ಲಿ ಲೋಡ್ ಇಳಿಸಲು ಬಂದಿದ್ದ ಅಪ್ಪನ ಕೈಗೆ ಅವಳು ಫೋನು ಇಟ್ಟಳು.

"ಅಬ್ಬಾ, ಎಡಗಡೆ ಒತ್ತಿದ್ರೆ ನಡೀತಾನೆ, ಬಲಗಡೆ ಒತ್ತಿದ್ರೆ ಹೊಡೀತಾನೆ, ಈ ಬಾಣ ಒತ್ತಿದ್ರೆ ಪಕ್ಕಕ್ಕೆ ಹಾರ್ತಾನೆ. ರಾಕ್ಷಸ ಗದೆ ಎತ್ತಿದ ಕೂಡ್ಲೆ ಹಾರ್ಬೇಕು, ಅಷ್ಟೇ. ಬೇರೆ ಏನೂ ಮುಟ್ಟಬೇಡ."

ಜಲೀಲ ತಲೆಯಾಡಿಸಿದ. ಹೋದ ವರ್ಷ ಮಗಳ ಫೋನು ನಿಧಾನವಾಗಿದೆಯೆಂದು ಪ್ರೀತಿಯಿಂದ ರೀಸೆಟ್ ಮಾಡಿ, ಅವಳ ಹಳೆಯ ವೀರನನ್ನು ಮಣ್ಣುಪಾಲು ಮಾಡಿದ್ದವನು ಅವನೇ. ಆಮೇಲೆ ಮೂರು ತಿಂಗಳು ಹುಸ್ನಾ ಅವನೊಂದಿಗೆ ಮಾತಾಡಿರಲಿಲ್ಲ. ಇಪ್ಪತ್ತೈದು ವರ್ಷ ಲಾರಿ ಓಡಿಸಿದವನಿಗೆ ಆ ಮೂರು ತಿಂಗಳಷ್ಟು ಉದ್ದದ ರಸ್ತೆ ಎಲ್ಲೂ ಸಿಕ್ಕಿರಲಿಲ್ಲ. ಈಗ ತಾನಾಗಿಯೇ ಫೋನು ಕೊಟ್ಟಿದ್ದಾಳೆಂದರೆ ಕ್ಷಮಿಸಿದ್ದಾಳೆಂದೇ ಅರ್ಥ. ಇದನ್ನೂ ಕೆಡಿಸಿಕೊಂಡರೆ ಮುಗಿಯಿತು.

ಎರಡಕ್ಕೆ ಸರಿಯಾಗಿ ಕಿರವತ್ತಿಯ ಬಸಪ್ಪನ ಧಾಬಾದಲ್ಲಿ ಲಾರಿ ನಿಲ್ಲಿಸಿ, ಬಿಸ್ಮಿಲ್ಲಾ ಎಂದು ಆಟ ತೆರೆದ. ವೀರ ಕಾಣಿಸಿಕೊಂಡ. ಮೈಮೇಲೆ ತೆಳ್ಳನೆಯ ಅಂಗಿ, ಕೈಯಲ್ಲಿ ಈರುಳ್ಳಿ ಹೆಚ್ಚುವಂಥ ಚೂರಿ. ಎದುರಿಗೆ ನೀರಿನ ಟಾಕಿಯಷ್ಟು ಎತ್ತರದ ರಾಕ್ಷಸ.

"ಹಿಂಗ ಕಳಸ್ತಾರೇನ್ರಿ ಯುದ್ಧಕ್ಕ?" ಧಾಬಾ ಮಾಲೀಕ ಬಸಪ್ಪ ಹೆಗಲ ಮೇಲಿಂದ ಇಣುಕಿದ. ಕೇಳದೆ ಸಲಹೆ ಕೊಡುವುದರಲ್ಲಿ ಆ ಹೆದ್ದಾರಿಯಲ್ಲೇ ಅವನನ್ನು ಮೀರಿಸುವವರಿರಲಿಲ್ಲ. "ಅಲ್ಲಿ ಪೆಟ್ಟಿಗಿ ಗುರ್ತು ಐತಲ್ರಿ, ಒತ್ರಿ."

ಪೆಟ್ಟಿಗೆಯೊಳಗೆ ಕಬ್ಬಿಣದ ಅಂಗಡಿಯೇ ಇತ್ತು. ಎದೆಗೆ, ತೋಳಿಗೆ, ಸೊಂಟಕ್ಕೆ, ಕಾಲಿಗೆ ಎಂದು ನಾಲ್ಕು ಕವಚ, ನಾಲ್ಕಕ್ಕೂ ಒಂದೇ ಕಿರೀಟದ ಮುದ್ರೆ. ಜೊತೆಗೊಂದು ಕೊಡಲಿ. ಒಂದೊಂದರ ಕೆಳಗೂ ಮೂರು ಸಾಲು ಅಂಕಿ.

"ಇದು ಹೊಡೆತ, ಇದು ತಡೆತ, ಇದೇನೋ ವೇಟ್ ಅಂತ," ಬಸಪ್ಪ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಓದಿದ. "ದೊಡ್ಡ ನಂಬರ್ ನೋಡಿ ಹಾಕ್ರಿ. ನಂಬರ್ ಸುಳ್ಳ ಹೇಳೂದಿಲ್ಲ."

ಮಗಳ ಮಾತು ನೆನಪಾಯಿತು. ಆದರೆ ಪ್ರಾಯದ ಹುಡುಗನನ್ನು ಬರೀ ಅಂಗಿಯಲ್ಲಿ ಸಾಯಲು ಕಳಿಸಲು ಜಲೀಲನಿಗೆ ಮನಸ್ಸಾಗಲಿಲ್ಲ. ನಾಲ್ಕೂ ಕವಚ ತೊಡಿಸಿ ಕೊಡಲಿ ಹಿಡಿಸಿದ. ಮೂಲೆಯಲ್ಲಿ ಒಂದು ಅಂಕಿ ಕೆಂಪಾಯಿತು.

"ಕೆಂಪು ಅಂದ್ರ ಶುಭ ಬಿಡ್ರಿ," ಅಂದ ಬಸಪ್ಪ.

ವೀರ ಸತ್ತ. ಎದ್ದ, ಮತ್ತೆ ಸತ್ತ. ಬಾಣ ಒತ್ತಿದರೆ ಹಾರುವುದಿರಲಿ, ಅರಬೈಲ್ ಘಾಟಿ ಹತ್ತುವ ಲಾರಿಯಂತೆ ಉಸಿರುಬಿಟ್ಟು ಒಂದು ಗೇಣು ಜರುಗುತ್ತಿದ್ದ. ಅಷ್ಟರಲ್ಲಿ ಗದೆ ಬೀಳುತ್ತಿತ್ತು. ಮೂರೂವರೆಯ ಹೊತ್ತಿಗೆ ಹದಿನೇಳನೆಯ ಸಾವಾಯಿತು. ಉಣ್ಣುತ್ತಿದ್ದವರೆಲ್ಲ ಕೈತೊಳೆದು ಬಂದು ಸುತ್ತ ನಿಂತು, ಸಾವಿನ ಮನೆಯಲ್ಲಿ ಆಡುವಂತೆ ಮೆಲ್ಲಗೆ ಮಾತಾಡತೊಡಗಿದರು. ಜಲೀಲನಿಗೆ ಅಳುವೊಂದೇ ಬಾಕಿ. ಮಗಳ ಮುಖ ಹೇಗೆ ನೋಡುವುದು?

ಒಳಗೆ ರೊಟ್ಟಿ ಬಡಿಯುತ್ತಿದ್ದ ಮುರಿಗೆವ್ವ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. "ಎಮ್ಮಿ ಒದಿಯಾಕ ಕಾಲ್ ಎತ್ತಿದ್ರ ಬಾಜೂ ಸರೀಬೇಕಲ್ಲೋ ಯಪ್ಪಾ. ಇಂವ ಯಾಕ ಕಂಬದಂಗ ನಿಂತಾನ?"

"ಸರಿಯೋಕೆ ಆಗ್ತಾ ಇಲ್ಲವ್ವಾ."

"ಹೆಂಗ ಆಗ್ತೈತಿ? ಅಷ್ಟು ಕಬ್ಬಿಣ ಹೇರೀರಿ!"

ಜಲೀಲ ಹಣೆ ಚಚ್ಚಿಕೊಂಡ. ಓವರ್‌ಲೋಡ್! ಆಯುಷ್ಯವೆಲ್ಲ ಲಾರಿ ತೂಗುವ ವೇಬ್ರಿಜ್ ಮೇಲೆ ಕಳೆದವನಿಗೆ ಇದು ಹೊಳೆಯಲಿಲ್ಲವಲ್ಲ! ಎದೆಕವಚದ ಮೇಲೆ ಬೆರಳಿಟ್ಟಾಗ ಎರಡು ಗುಂಡಿ ಮೂಡಿದವು.

"ಒಂದು ಬಿಚ್ಚಿ ಚೀಲದಾಗ ಇಡೂದು, ಇನ್ನೊಂದು ಕರಗಿಸೂದು," ಬಸಪ್ಪ ಓದಿದ. "ಬಿಚ್ಚಿ ಇಡ್ರಿ ಸಾಕು."

"ಸುಮ್ನಿರು ಮಾರಾಯ. ಹಿಂದಿನ ಮೂಟೆ ತೆಗ್ದು ಕ್ಯಾಬಿನ್‌ನಲ್ಲಿ ಇಟ್ರೆ ವೇಬ್ರಿಜ್‌ನಲ್ಲಿ ತೂಕ ಕಮ್ಮಿ ಬರ್ತದಾ? ಆ ಚೀಲ ಹೊರೋನೂ ಇವನೇ ತಾನೆ?"

ಬಸಪ್ಪ ಕೊಟ್ಟ ಸಲಹೆಯನ್ನು ಹಿಂತೆಗೆದುಕೊಂಡ. ಅವನ ಜೀವಮಾನದಲ್ಲಿ ಅದು ಮೊದಲ ಸಲ. ಖಂಡಿತ ಕರಗಿಸಲೇ ಎಂದು ಫೋನು ಪ್ರತಿ ಸಲವೂ ಕೇಳಿತು, ಪ್ರತಿ ಸಲವೂ ಜಲೀಲ ಹೂಂ ಒತ್ತಿದ. ನಾಲ್ಕು ಕವಚ ಕರಗಿದವು, ಕೊಡಲಿಯೂ ಅದೇ ದಾರಿ ಹಿಡಿಯಿತು. ಕೆಂಪು ಅಂಕಿ ಹಸಿರಾಯಿತು.

ಅಂಗಿ ತೊಟ್ಟ ವೀರ ಈರುಳ್ಳಿ ಚೂರಿ ಹಿಡಿದು ಆಡಿನ ಮರಿಯಂತೆ ಹಾರಿದ. ಗದೆ ಎತ್ತಿದಾಗಲೆಲ್ಲ ಇಡೀ ಧಾಬಾ "ಹಾರು!" ಎಂದು ಕೂಗುತ್ತಿತ್ತು. ನಾಲ್ಕಕ್ಕೆ ಆರು ನಿಮಿಷವಿರುವಾಗ ರಾಕ್ಷಸ ಮಗುಚಿಬಿದ್ದ. ಕಿರೀಟದ ಮುದ್ರೆಯ ಒಂದು ಕಬ್ಬಿಣದ ಟೋಪಿ ಬಂತು. ಬಸಪ್ಪ ಎಲ್ಲರಿಗೂ ಚಹಾ ಕೊಡಿಸಿದ. ಜಲೀಲ ಕಣ್ಣೊರೆಸಿಕೊಂಡ.

ಐದಕ್ಕೆ ಗೆಳತಿಯ ಫೋನಿನಿಂದ ಹುಸ್ನಾ ಕರೆ ಮಾಡಿದಳು. "ಅಬ್ಬಾ, ಏನಾಯ್ತು?"

"ಹೊಡ್ದೆ ಮಗಾ! ಟೋಪಿ ಸಿಕ್ತು!"

ಅವಳ ಕಿರುಚಾಟ ಅಡುಗೆಮನೆಯ ಮುರಿಗೆವ್ವನಿಗೂ ಕೇಳಿಸಿತು. "ನನ್ನ ಅಬ್ಬಾ! ಒಂದು ವರ್ಷ ಒದ್ದಾಡಿ ಉಳಿದ ನಾಲ್ಕು ಕವಚ ಕೂಡಿಸಿ ಇಟ್ಟಿದ್ದೆ. ಬರೀ ನಾಲ್ಕು ಹಾಕಿದ್ರೆ ಭಾರಕ್ಕೆ ಅಲ್ಲಾಡೋಕೂ ಆಗಲ್ಲ. ಈ ಟೋಪಿ ಸೇರಿಸಿ ಐದೂ ಹಾಕಿದ್ರೆ ಪೂರ್ತಿ ತೂಕ ಸೊನ್ನೆ!"

ಜಲೀಲ ಮಗಳ ಫೋನು ಕೈಗೆತ್ತಿಕೊಂಡ. ಪೆಟ್ಟಿಗೆ ತೆರೆದು ನೋಡಿದ. ಖಾಲಿ ಚೌಕಗಳ ನಡುವೆ ಒಂದು ಟೋಪಿ, ಅದರ ಪಕ್ಕದಲ್ಲಿ ಒಂದಿಷ್ಟು ಗುಜರಿ. ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ ಬಸಪ್ಪ, ಯಾವ ಸಲಹೆಯನ್ನೂ ಕೊಡದೆ ಒಳಗೆ ಹೋದ.

"ಅಬ್ಬಾ, ಯಾಕೆ ಸುಮ್ನಾದೆ? ಮತ್ತೆ ರೀಸೆಟ್ ಏನಾದ್ರೂ ಮಾಡಿದ್ಯಾ?"

"ಅಲ್ಲಾನಾಣೆ ಇಲ್ಲ ಮಗಾ," ಎಂದ ಜಲೀಲ. "ರೀಸೆಟ್ ಒಂದು ಮಾಡ್ಲಿಲ್ಲ."