ಮೂವತ್ತನಾಲ್ಕು ಅಂಕದ ಎರಡನೇ ಭಾಗ

ದೆವ್ವಗಳಿಗೆ ಹೆದರುವ ಹೆಂಗಸರನ್ನು ನೀವು ನೋಡಿರುತ್ತೀರಿ. ದೆವ್ವಗಳೇ ಹೆದರುವ ಹೆಂಗಸನ್ನು ನೋಡಬೇಕಾದರೆ ಭದ್ರಾವತಿಗೆ, ನಮ್ಮ ದೊಡ್ಡಮ್ಮನ ಮನೆಗೆ ಬರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ. ಆ ಹೊತ್ತಿಗೆ ಅವಳು ಸಾರು ಇಳಿಸಿ, ಕುಕ್ಕರ್ ಕೂಗಿಸಿ, ಸೆರಗಿನಿಂದ ಕನ್ನಡಕ ಒರೆಸಿಕೊಂಡು ಟಿವಿಯ ಮುಂದೆ ಕುರ್ಚಿ ಎಳೆದುಕೊಂಡಿರುತ್ತಾಳೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ, ಮದುವೆಯ ಗೋಜಿಗೇ ಹೋಗದ, ಅರವತ್ತೇಳರ ಹೆಂಗಸು ಆ ಹೊತ್ತಿನಲ್ಲಿ ಏನು ನೋಡುತ್ತಾಳೆ? ಧಾರಾವಾಹಿಯೇ? ಪ್ರವಚನವೇ? ಅಲ್ಲ ಸ್ವಾಮಿ! ಪಿಶಾಚಿಗಳಿಂದ ತಪ್ಪಿಸಿಕೊಂಡು ಜೀವ ಉಳಿಸಿಕೊಳ್ಳುವ ವಿಡಿಯೋ ಗೇಮ್ ಆಡುತ್ತಾಳೆ.

"ಇಂಥ ಆಟ ರಾತ್ರಿ ಲೈಟ್ ಆರಿಸಿ ಆಡ್ಬೇಕಂತೆ ದೊಡ್ಡಮ್ಮ," ಎಂದು ಒಮ್ಮೆ ಹೇಳಿ ನೋಡಿದೆ.

"ರಾತ್ರಿ ನಿದ್ದೆ ಮಾಡ್ಬೇಕು ಕಣೆ. ಹೆದರೋದಿದ್ರೆ ಹಗಲೇ ಹೆದರಿ ಮುಗಿಸ್ಬೇಕು," ಎಂದಳು.

ಈ ಚಟ ಅಂಟಿದ್ದು ಹೀಗೆ. ಅವಳ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಎಂಜಿನಿಯರ್ ಒಬ್ಬ ವರ್ಗವಾಗಿ ಹೋಗುವಾಗ, ಲಗೇಜು ಹೆಚ್ಚಾಯಿತೆಂದು ತನ್ನ ಗೇಮ್ ಡಬ್ಬಿಯನ್ನು ಇವಳಿಗೇ ಕೊಟ್ಟುಬಿಟ್ಟ. ಅದರೊಳಗೆ ಒಂದೇ ಒಂದು ಆಟ. ಪಾಳುಬಿದ್ದ ವಸತಿಶಾಲೆ, ಅದರೊಳಗೆ ಸಿಕ್ಕಿಬಿದ್ದ ಒಬ್ಬಳೇ ಹೆಂಗಸು, ಕೈಯಲ್ಲಿ ಟಾರ್ಚು, ಪಿಸ್ತೂಲಿನಲ್ಲಿ ಆರು ಗುಂಡು, ಕಾರಿಡಾರಿನ ತುಂಬ ಮುಖವಿಲ್ಲದ ಪಿಶಾಚಿಗಳು. ಬೀಗದಕೈ ಹುಡುಕಿ ಹೊರಬರಬೇಕು. "ನಲವತ್ತು ಸಲ ಸತ್ತಿದೀನಿ ಆಂಟಿ, ಆಗ್ಲಿಲ್ಲ," ಎಂದು ಹೋಗಿದ್ದನಂತೆ ಆ ಎಂಜಿನಿಯರ್.

ಪಾಪ, ಅವನಿಗೆ ಗೊತ್ತಿರಲಿಲ್ಲ. ನಮ್ಮ ದೊಡ್ಡಮ್ಮ ಬರೀ ಗಣಿತದ ಟೀಚರಲ್ಲ, ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಕೂಡ ಆಗಿದ್ದವಳು. ಅವಳು ಆಡುವುದನ್ನು ನಾನು ಮೊದಲ ಸಲ ಪಕ್ಕದಲ್ಲಿ ಕೂತು ನೋಡಿದಾಗ ನನಗೆ ಎದೆ ಡವಡವ. ಅವಳಿಗೆ? ಕೋಣೆಯೊಳಗೆ ಹೋದಳು, ಮಂಚಗಳನ್ನು ಎಣಿಸಿದಳು, ಹೊರಗೆ ಬಂದು ಬಾಗಿಲು ಹಾಕಿದಳು, ಲೈಟ್ ಆರಿಸಿದಳು. ಮುಂದಿನ ಕೋಣೆ. ಮತ್ತೆ ಅದೇ.

"ಲೈಟ್ ಯಾಕೆ ಆರಿಸ್ತೀಯ? ಕತ್ತಲಲ್ಲಿ ಬಂದು ಹಿಡ್ಕೊಂಡ್ರೆ?"

"ಯಾರೂ ಇಲ್ಲದ ರೂಮಿಗೆ ಲೈಟ್ ಯಾಕೆ? ಕರೆಂಟ್ ಬಿಲ್ ಇವರಪ್ಪ ಕಟ್ತಾನಾ?"

ಆಮೇಲೆ ತಿಳಿದದ್ದೇನೆಂದರೆ, ಆ ಪಿಶಾಚಿಗಳು ಬರುವುದೇ ಬೆಳಕು ಕಂಡ ಕಡೆಗೆ. ಮುಚ್ಚಿದ ಬಾಗಿಲು ತೆರೆಯಲು ಅವಕ್ಕೆ ಬರುವುದಿಲ್ಲ. ಎಂಜಿನಿಯರ್ ನಲವತ್ತು ಸಲ ಸತ್ತೂ ಕಂಡುಕೊಳ್ಳದ ಉಪಾಯವನ್ನು ಇವಳು ಹಾಸ್ಟೆಲಿನ ಅಭ್ಯಾಸಬಲದಿಂದ ಮಾಡಿ ಮುಗಿಸಿದ್ದಳು. ಹನ್ನೆರಡು ದಿನದಲ್ಲಿ ಆಟ ಮುಗಿಯಿತು, ಐದು ಗುಂಡು ಉಳಿದಿದ್ದವು. ಆರನೆಯದು ಬೆರಳು ತಪ್ಪಿ ಹಾರಿತ್ತು. ಅದಕ್ಕೆ ಇವತ್ತಿಗೂ ಅವಳಿಗೆ ಬೇಸರವಿದೆ.

ಮುಗಿಸಿದ ಮೇಲೆ ಹಳೆಯ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಅಂಕ ಹಾಕಿದಳು. ನೂರಕ್ಕೆ ಎಪ್ಪತ್ತೆಂಟು. ನಾನು ಉಳಿದ ಇಪ್ಪತ್ತೆರಡು ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ, "ಮೆಸ್ಸಿನಲ್ಲಿ ತಟ್ಟೆ ತೊಳೀದೆ ಇಟ್ಟಿದಾರೆ, ನೋಡ್ಲಿಲ್ವಾ?" ಎಂದಳು.

ಅಂಕದ ವಿಷಯದಲ್ಲಿ ಅವಳು ಕಟುಕಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನಗೆ ಏಳು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪ ಲಾರಿಯ ಕೆಲಸದಲ್ಲಿ ಊರೂರು ಸುತ್ತುತ್ತಿದ್ದ. ಅಮ್ಮನ ಅಕ್ಕನಾದ ಇವಳು ನನ್ನನ್ನು ತಂದು ಹಾಸ್ಟೆಲಿನ ಪಕ್ಕದ ತನ್ನ ಎರಡು ಕೋಣೆಯ ಮನೆಯಲ್ಲಿಟ್ಟುಕೊಂಡು ಸಾಕಿದಳು. ಎಂಟನೇ ಕ್ಲಾಸಿನಲ್ಲಿ ನನಗೆ ಗಣಿತಕ್ಕೂ ಇವಳೇ ಬಂದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಕೊಟ್ಟದ್ದು ಮೂವತ್ತನಾಲ್ಕು. ಮೂವತ್ತೈದಾದರೆ ಪಾಸು. ಒಂದೇ ಒಂದು ಅಂಕ, ಸ್ವಂತ ತಂಗಿಯ ಮಗಳಿಗೆ! ಅತ್ತು ಕರೆದೆ, ಊಟ ಬಿಟ್ಟೆ. "ಅಂಕ ಕೇಳಿ ತಗೊಳ್ಳೋದಲ್ಲ, ಬರೆದು ತಗೊಳ್ಳೋದು," ಎಂದು ಹೇಳಿ, ಅದೇ ಕೈಯಲ್ಲಿ ದೋಸೆ ಹುಯ್ದು ಹಾಕಿದಳು. ದೋಸೆಗೆ ಮಾತ್ರ ಲೆಕ್ಕ ಇಟ್ಟವಳಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಪ್ಪು ನನ್ನದೇ. ಅವಳ ಹುಟ್ಟುಹಬ್ಬಕ್ಕೆ ಅದೇ ಆಟದ ಎರಡನೇ ಭಾಗ ತರಿಸಿಕೊಟ್ಟೆ. ಮೊದಲನೆಯದಕ್ಕಿಂತ ಇದೇ ಚೆಂದ ಎಂದು ಎಲ್ಲರೂ ಹೇಳುತ್ತಿದ್ದರು. ನನಗೂ ಹಾಗೇ ಕಂಡಿತ್ತು. ಒಂದು ಕಟ್ಟಡದ ಜಾಗದಲ್ಲಿ ಇಡೀ ದ್ವೀಪ, ಅದರಲ್ಲೊಂದು ಊರು, ಸಮುದ್ರ, ಮಂಜು. ಹೆಂಗಸು ಅದೇ. ಆದರೆ ಈ ಸಲ ಅವಳ ಜೊತೆ ಎಂಟು ವರ್ಷದ ಒಂದು ಹುಡುಗಿ ಇದ್ದಾಳೆ. ಅವಳನ್ನು ಕರೆದುಕೊಂಡು ದಡದ ಗೇಟು ದಾಟಬೇಕು. ಹುಡುಗಿ ಜೋರಾಗಿ ಓಡಲಾರಳು. ಹಿಂದೆ ಬಿದ್ದಾಗಲೆಲ್ಲ "ವೇಟ್ ಫಾರ್ ಮಿ" ಎಂದು ಕೂಗುತ್ತಾಳೆ.

ವಾರದೊಳಗೆ ಕೆಂಪು ಪೆನ್ನು ಹೊರಬಂತು. ಮೂವತ್ತನಾಲ್ಕು.

"ಫೇಲಾ?"

"ಮತ್ತಿನ್ನೇನು? ಬಾಗಿಲೇ ಇಲ್ಲ ಊರಿಗೆ. ಇದ್ದ ಬಾಗಿಲು ಮುಚ್ಚಲ್ಲ. ಗುಂಡು ಬೀದಿಬೀದೀಲಿ ಕಡ್ಲೆಬೀಜದ ಹಾಗೆ ಬಿದ್ದಿದೆ. ಇಷ್ಟೊಂದು ಗುಂಡು ಕೊಟ್ಟ ಮೇಲೆ ಹೆದರಿಕೆ ಎಲ್ಲಿಂದ ಬರ್ಬೇಕು ಹೇಳು. ಪಿಶಾಚಿ ದೊಡ್ಡದು ಮಾಡಿದ್ರೆ ಭಯ ಜಾಸ್ತಿ ಆಗುತ್ತೆ ಅಂದ್ಕೊಂಡಿದಾರೆ ಮುಟ್ಠಾಳರು. ನಮ್ಮ ಹಾಸ್ಟೆಲಲ್ಲಿ ಎಂಬತ್ತು ಹುಡುಗೀರನ್ನ ಮಂಚ ಹತ್ತಿಸೋದಕ್ಕೆ ಒಂದು ಇಲಿ ಸಾಕಾಗ್ತಿತ್ತು."

"ಆದ್ರೂ ದೊಡ್ಡಮ್ಮ, ಮೊದಲನೇದು ಬರೀ ಒಂದು ಕಟ್ಟಡ. ಇದು ಇಡೀ ಊರು."

"ಊರು ದೊಡ್ಡದಾದ್ರೆ ಗುಡ್ಸೋದು ಜಾಸ್ತಿ, ಅಷ್ಟೆ. ಎಲ್ಲಕ್ಕಿಂತ ಆ ಹುಡುಗಿ ಕಣೆ. ಮೊದಲನೇದರಲ್ಲಿ ನನ್ನ ಪಾಡಿಗೆ ನಾನಿದ್ದೆ. ಇದರಲ್ಲಿ ಎರಡು ಹೆಜ್ಜೆಗೊಂದು ಸಲ ನಿಲ್ಲು ನಿಲ್ಲು ಅಂತಾಳೆ. ಮಾರಾಯ್ತಿ, ನಾನು ಯಾವಾಗ ಬದುಕೋದು?"

ಬೈಯುತ್ತಿದ್ದಳು ನಿಜ, ಆದರೆ ಬಿಡಲಿಲ್ಲ. ನಾನು ಕೆಲಸ ಮಾಡುವುದು ಶಿವಮೊಗ್ಗದ ನವುಲೆಯಲ್ಲಿ, ಒಂದು ಕಾಲೇಜಿನ ಆಫೀಸಿನಲ್ಲಿ. ಸಂಜೆ ಸಿಟಿ ಬಸ್ಸು ಹತ್ತಿದ ಕೂಡಲೇ ಅವಳ ಫೋನು ಬರುತ್ತಿತ್ತು. ಮೂವತ್ತು ವರ್ಷ ಕೊನೆಯ ಬೆಂಚಿಗೆ ಕೇಳುವಂತೆ ಪಾಠ ಮಾಡಿದ ಗಂಟಲು ಅದು. ಫೋನನ್ನು ಕಿವಿಗೆ ಎಷ್ಟೇ ಒತ್ತಿಕೊಂಡರೂ ಇಡೀ ಬಸ್ಸಿಗೆ ಕೇಳುತ್ತಿತ್ತು.

"ಆ ಹುಡುಗಿ ಇವತ್ತೂ ಸತ್ತಳು ಕಣೆ. ಎಷ್ಟು ಮಾಡಿದ್ರೂ ಉಳಿಸ್ಕೊಳ್ಳೋಕ್ಕಾಗ್ಲಿಲ್ಲ."

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕೈ ಹಿಡಿದುಕೊಂಡು, "ಎಷ್ಟು ವರ್ಷದ್ದಮ್ಮ ಮಗು?" ಎಂದರು. ನಾನು "ಎಂಟು" ಎಂದುಬಿಟ್ಟೆ. ಅವರ ಕಣ್ಣಲ್ಲಿ ನೀರು ಬಂತು. ಅದು ಆಟ ಎಂದು ಹೇಳುವ ಧೈರ್ಯ ಆಮೇಲೆ ಎಲ್ಲಿಂದ ಬರಬೇಕು? ಅವರು ಚೀಲದಿಂದ ತೆಗೆದುಕೊಟ್ಟ ಎರಡು ಕಿತ್ತಳೆಹಣ್ಣು ಹಿಡಿದುಕೊಂಡು, ಕಳ್ಳಿಯ ಹಾಗೆ ನನ್ನ ಸ್ಟಾಪಿನಲ್ಲಿ ಇಳಿದೆ.

ಹೀಗಿರುವಾಗ ದೊಡ್ಡಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದಳು. ಎಡಗೈ ಮಣಿಕಟ್ಟಿಗೆ ಪಟ್ಟಿ ಬಿತ್ತು, ಮಂಡಿ ಊದಿತು. ಸುದ್ದಿ ತಿಳಿದು ನಮ್ಮ ಮಾವ ಶಿವಮೊಗ್ಗದ ಗೋಪಾಳದಿಂದ ಓಡಿ ಬಂದ. ಮಾವ ಎಂದರೆ ದೊಡ್ಡಮ್ಮನ ತಮ್ಮ, ಅವನೂ ನಿವೃತ್ತ. ಅವನ ಮನೆಯ ಕೆಳಗಿನ ಭಾಗ ಖಾಲಿಯಿತ್ತು.

"ಅಕ್ಕ, ಸಾಕು ಒಬ್ಬಳೇ ಇದ್ದದ್ದು. ಗೋಪಾಳಕ್ಕೆ ಬಂದ್ಬಿಡು. ಬಿದ್ರೆ ಎತ್ತೋಕೆ ಜನ ಬೇಡ್ವಾ?"

"ಬಿದ್ದೆ. ಎದ್ದೆ. ಮಧ್ಯದಲ್ಲಿ ನೀನು ಎಲ್ಲಿದ್ದೆ?"

ನಾನೂ ಮಾವನ ಕಡೆಯೇ ಸೇರಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಹೆದರಿಕೆಯಾಗಿತ್ತು. ಫೋನು ಎರಡು ರಿಂಗಿಗೆ ಎತ್ತದಿದ್ದರೆ ಪಕ್ಕದ ಮನೆಯವರಿಗೆ ಫೋನು ಮಾಡುತ್ತಿದ್ದೆ. ದೊಡ್ಡಮ್ಮ ನಮ್ಮಿಬ್ಬರನ್ನೂ ಹೋಮ್‌ವರ್ಕ್ ಮಾಡದೆ ಬಂದವರ ಹಾಗೆ ನೋಡಿದಳು. ಈ ಮನೆ ತನ್ನ ದುಡಿಮೆಯದು, ಇಲ್ಲಿ ಬಾಗಿಲು ಹಾಕುವುದೂ ತೆಗೆಯುವುದೂ ತನ್ನ ಇಷ್ಟ, ಇನ್ನೊಬ್ಬರ ಮನೆಯಲ್ಲಿ ಲೈಟ್ ಆರಿಸುವುದಕ್ಕೂ ಅಪ್ಪಣೆ ಕೇಳುವ ಬದುಕು ತನಗೆ ಬೇಡ ಎಂದಳು. "ನಲವತ್ತು ಸಲ ಸತ್ತ ಎಂಜಿನಿಯರ್ ಕೈಲಾಗದ್ದನ್ನ ನಾನು ಒಬ್ಬಳೇ ಮಾಡಿಲ್ವೇನೋ?"

"ಅದು ಮೊದಲನೇ ಭಾಗ," ಎಂದ ಮಾವ. "ಎರಡನೇದರಲ್ಲಿ ದಿನಾ ಸಾಯ್ತಿದ್ದೀಯಂತಲ್ಲ. ಮುಗಿಸಿ ತೋರಿಸು. ಮುಗಿಸಿದ್ರೆ ಗೋಪಾಳದ ಮಾತೇ ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಸುಮ್ನೆ ಬಂದ್ಬಿಡ್ಬೇಕು."

ತಮಾಷೆಗೆ ಅಂದ ಮಾತು ಅದು. ಆದರೆ ಯಾರ ಹತ್ತಿರ ಅಂದ ನೋಡಿ! "ಪಟ್ಟಿ ಬಿಚ್ಚಿದ ಮೊದಲನೇ ಭಾನುವಾರ ತಿಂಡಿಗೆ ಬಾ," ಎಂದಳು.

ಆ ಭಾನುವಾರ ಮಾವ ಬಂದ. ಅವಲಕ್ಕಿ ತಿಂದ. ಕೈಕಟ್ಟಿ ಕೂತ. ಮೊದಲ ಅರ್ಧ ಗಂಟೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದವನು, ಆಮೇಲೆ ಕುರ್ಚಿಯ ತುದಿಗೆ ಬಂದ. ಇನ್ನರ್ಧ ಗಂಟೆಗೆ, "ಎಡಕ್ಕೆ ಅಕ್ಕ, ಎಡಕ್ಕೆ, ಅಂಗಡಿ ಹಿಂದೆ ಪಿಶಾಚಿ ಇದೆ ನೋಡು," ಎನ್ನತೊಡಗಿದ. ದೊಡ್ಡಮ್ಮ ಹುಡುಗಿಯನ್ನು ಗೋಡೆಯ ಮರೆಯಲ್ಲಿ ನಿಲ್ಲಿಸಿ ತಾನು ಮುಂದೆ ಹೋಗಿ ದಾರಿ ನೋಡುತ್ತಿದ್ದಳು, ತಿರುಗಿ ಬಂದು ಕರೆದುಕೊಂಡು ಹೋಗುತ್ತಿದ್ದಳು. ಅಂತೂ ಸೇತುವೆ ಬಂತು. ಸೇತುವೆಯಾಚೆ ದಡದ ಗೇಟು, ಅಗಲಕ್ಕೆ ತೆರೆದಿತ್ತು. ಅವಳು ಗೇಟಿನ ಮುಂದೆ ನಿಂತಳು. ಇನ್ನೊಂದು ಹೆಜ್ಜೆ ಇಟ್ಟರೆ ಮುಗಿಯಿತು.

ಹುಡುಗಿ ಸೇತುವೆಯ ಮಧ್ಯದಲ್ಲಿ ಬಿದ್ದಿದ್ದಳು. ಹಿಂದಿನಿಂದ ಪಿಶಾಚಿ ಬರುತ್ತಿತ್ತು. "ವೇಟ್ ಫಾರ್ ಮಿ" ಎಂಬ ಕೂಗು.

"ಗೇಟು ತೆರೆದಿದೆ ಅಕ್ಕ, ಹೋಗು," ಎಂದ ಮಾವ. "ನೀನೊಬ್ಬಳು ದಾಟಿದ್ರೂ ನನ್ನ ಲೆಕ್ಕದಲ್ಲಿ ಗೆದ್ದ ಹಾಗೆ. ಹೋಗು."

ನಾನೂ ಹೋಗು ಎಂದೆ. ಅವಳನ್ನು ಗೋಪಾಳಕ್ಕೆ ಕರೆತರಬೇಕೆಂದಿದ್ದವರು ನಾವೇ, ಈಗ ಗೆಲ್ಲು ಎಂದು ಕೂಗುತ್ತಿದ್ದವರೂ ನಾವೇ.

ದೊಡ್ಡಮ್ಮ ತಿರುಗಿದಳು. ಓಡಿ ವಾಪಸ್ಸು ಬಂದು ಹುಡುಗಿಯ ಕೈ ಹಿಡಿದು ಎಬ್ಬಿಸಿದಳು. ಅಷ್ಟರಲ್ಲಿ ಪಿಶಾಚಿ ತಲುಪಿತ್ತು. ಪರದೆ ಕೆಂಪಾಯಿತು.

"ಗೆದ್ದಿದ್ದೆಯಲ್ಲಕ್ಕ," ಎಂದ ಮಾವ.

"ಮಗು ಹಿಂದೆ ಇತ್ತು."

"ಅದು ಮಗು ಅಲ್ಲ, ಆಟ."

ಅವಳು ಆಟದ ರಿಮೋಟನ್ನು ಮೇಜಿನ ಮೇಲಿಟ್ಟಳು. "ಸೋತೆ. ಕೊಟ್ಟ ಮಾತು ಮಾತೇ. ಯಾವತ್ತು ಬರ್ಬೇಕು ಹೇಳು," ಎಂದು, ಅನ್ನಕ್ಕಿಡಲು ಒಳಗೆ ಹೋದಳು.

ಮಾವ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದ. "ನಾನು ಇದೇ ಮಾತು ಒಂದ್ಸಲ ಹೇಳಿದ್ದೆ ಕಣಮ್ಮ. ನೀನು ಬಂದ ಮಾರನೇ ವರ್ಷ ಅಕ್ಕಂಗೆ ಹೆಡ್‌ಮಿಸ್ಟ್ರೆಸ್ ಆರ್ಡರ್ ಬಂತು, ಬೇರೆ ಜಿಲ್ಲೆಗೆ. ಹೊಸ ಊರು, ಒಂದು ರೂಮಿನ ವಾಸ. ಮಗೂನ ಹೊಳೆಹೊನ್ನೂರಿನ ಚಿಕ್ಕಜ್ಜಿ ಮನೇಲಿ ಬಿಡು, ನೀನು ಹೋಗು ಅಂದೆ. ನಿನಗೆ ಆಗ ರಾತ್ರಿಯೆಲ್ಲ ಬೆಚ್ಚಿಬೀಳೋ ರೋಗ. ಹಿಂದೆ ತಿರುಗಿ ನೋಡ್ಬೇಡ ಅಕ್ಕ ಅಂದಿದ್ದೆ ನಾನು. ಆರ್ಡರ್ ವಾಪಸ್ಸು ಕಳಿಸಿದ್ಲು."

ಅವಳಿಗೆ ಬಡ್ತಿ ಸಿಗದಿದ್ದದ್ದು ಅವಳ ಬಾಯಿಯ ದೆಸೆಯಿಂದ ಎಂದು ನಾನು ಈವರೆಗೆ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದೆ. ಆ ಬಾಯಿ ಇದೊಂದನ್ನು ಮಾತ್ರ ನನಗೆ ಹೇಳಲಿಲ್ಲ.

ನನಗೆ ಅಳು ಬಂತು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, "ನೀನು ಎಲ್ಲಿಗೂ ಹೋಗ್ಬೇಡ ದೊಡ್ಡಮ್ಮ. ಬಚ್ಚಲಿಗೆ ಹಿಡಿಕೆ ಹಾಕಿಸ್ತೀನಿ. ನಾನೇ ದಿನಾ ಬರ್ತೀನಿ," ಎಂದೆ. ಹಿಂದಿನಿಂದ ಮಾವ, "ಇವತ್ತಿಂದು ಲೆಕ್ಕಕ್ಕಿಲ್ಲ. ಮುಂದಿನ ಭಾನುವಾರ ಮತ್ತೆ ಆಡು, ನಾನು ತಿಂಡಿಗೆ ಬರ್ತೀನಿ," ಎಂದ.

"ದಿನಾ ಬಂದು ನನ್ನ ತಲೆ ತಿನ್ಬೇಡ. ವಾರಕ್ಕೆರಡು ಸಲ ಸಾಕು," ಎಂದಳು ದೊಡ್ಡಮ್ಮ, ಅಕ್ಕಿ ತೊಳೆಯುವುದನ್ನು ನಿಲ್ಲಿಸದೆ.

ಸಂಜೆ ಹೊರಡುವಾಗ ಮೇಜಿನ ಮೇಲಿದ್ದ ನೋಟ್‌ಬುಕ್ಕು ಕಣ್ಣಿಗೆ ಬಿತ್ತು. ಎರಡನೇ ಭಾಗದ ಎದುರಿಗೆ ಮೂವತ್ತನಾಲ್ಕನ್ನು ಹೊಡೆದು ಮೂವತ್ತೈದು ಮಾಡಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದಳು.

"ಇದಕ್ಕೆ ಮಾತ್ರ ಒಂದು ಅಂಕ ಜಾಸ್ತಿ ಕೊಟ್ಟೆಯಾ? ನನಗೆ ಅವತ್ತು ಕೊಡಲಿಲ್ಲ."

"ನೀನು ಓದಿರ್ಲಿಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡಳು. ನನ್ನನ್ನು ಬಸ್ ಸ್ಟಾಪಿಗೆ ಬಿಟ್ಟು ಬರುವುದು ಅವಳ ಹಳೆಯ ಪದ್ಧತಿ. ಚಿಕ್ಕವಳಿದ್ದಾಗ ನಾನು ಅವಳ ಸೆರಗಿನ ತುದಿ ಹಿಡಿದುಕೊಂಡು ಓಡೋಡಿ ಹೋಗುತ್ತಿದ್ದೆ. ಅವಳದು ಅಷ್ಟು ಬಿರುಸಿನ ನಡಿಗೆ. ಅದೇ ಅಭ್ಯಾಸದಲ್ಲಿ ಈಗಲೂ ದಾಪುಗಾಲು ಹಾಕಿಕೊಂಡು ಬೀದಿಯ ತುದಿಯವರೆಗೆ ಬಂದುಬಿಟ್ಟಿದ್ದೆ. ಪಕ್ಕದಲ್ಲಿ ಅವಳಿರಲಿಲ್ಲ.

"ಸ್ವಲ್ಪ ನಿಲ್ಲೇ ಮಾರಾಯ್ತಿ," ಎಂದು ಹಿಂದಿನಿಂದ ಕೂಗಿದಳು.

ತಿರುಗಿ ನೋಡಿದೆ. ಕಾಂಪೌಂಡ್ ಗೋಡೆ ಹಿಡಿದುಕೊಂಡು ನಿಂತಿದ್ದಳು. "ನಿನ್ನ ಹಾಗೆ ನಡೆಯೋಕ್ಕಾಗಲ್ಲ ಅಂತಲ್ಲ. ಚಪ್ಪಲಿ ಬಾರು ಸಡಿಲ ಆಗಿದೆ," ಎಂದಳು.

ಚಪ್ಪಲಿಗೆ ಏನೂ ಆಗಿರಲಿಲ್ಲ. ನಾನು ವಾಪಸ್ಸು ಹೋಗಿ ಅವಳ ಕೈ ಹಿಡಿದುಕೊಂಡೆ.