ಭುಜದ ಮೇಲಿನ ನಾಲ್ಕು ಬೆರಳು

ಇನ್ನು ಮುಂದೆ ನನ್ನ ಫೋನಿನಿಂದ ಹೊರಬೀಳುವ ಒಂದೊಂದು ಫೋಟೋವೂ ಕಲಾಕೃತಿಯಾಗಿರಬೇಕು! ಹೀಗೆಂದು ಬೆಳಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದೆ. "ಮೊದಲು ಬಾಯಿ ತೊಳ್ಕೊಳ್ಳಿ, ಕನ್ನಡಿಗೆಲ್ಲ ನೊರೆ ಹಾರ್ತಿದೆ" ಎಂದಳು ಹೆಂಡತಿ. ಮಹತ್ಕಾರ್ಯಗಳಿಗೆ ಆರಂಭದಲ್ಲಿ ಇಂಥ ಅಡ್ಡಿಗಳು ಇದ್ದದ್ದೇ.

ಜ್ಞಾನೋದಯವಾದದ್ದು ಹಿಂದಿನ ದಿನ, ಆಫೀಸಿನಲ್ಲಿ. ನಾನು ಪೈಪು ಮಾರುವ ಕಂಪನಿಯೊಂದರ ಲೆಕ್ಕ ವಿಭಾಗದವನು. ಪಕ್ಕದ ಮೇಜಿನಲ್ಲಿ ಆ ಪೈಪುಗಳಿಗೆ ಜಾಹೀರಾತು ಮಾಡುವ ಡಿಸೈನರ್ ಕೂರುತ್ತಾಳೆ. ಮಾವನವರ ಹುಟ್ಟುಹಬ್ಬಕ್ಕೆ ನಾನು ತೆಗೆದ ಗ್ರೂಪ್ ಫೋಟೋವನ್ನು ಅವಳಿಗೆ ತೋರಿಸಿ, "ಹೇಗಿದೆ?" ಎಂದೆ.

"ಚೆನ್ನಾಗಿದೆ ಸಾರ್. ಈ ಫ್ಯಾನ್ ಯಾವ ಕಂಪನಿದು?"

ಕಣ್ಣು ಕಿರಿದು ಮಾಡಿ ನೋಡಿದೆ. ಹೌದಲ್ಲ! ಮೇಲಿನ ಅರ್ಧದಲ್ಲಿ ಬರೀ ಸೀಲಿಂಗು, ಅದರ ನಡುವೆ ಮಹಾರಾಜನಂತೆ ಫ್ಯಾನು. ನಮ್ಮ ಬಂಧುಬಳಗವೆಲ್ಲ ಅಡಿಯಲ್ಲೆಲ್ಲೋ ಬಸ್ಸಿಗೆ ಕಾಯುವವರ ಹಾಗೆ ನಿಂತಿತ್ತು.

"ಕ್ರಾಪ್ ಮಾಡಿ ಸಾರ್. ಬೇಡದ್ದನ್ನ ಕತ್ತರಿಸಿದ್ರೆ ಬೇಕಾದ್ದು ಕಾಣತ್ತೆ" ಎಂದಳು. ಚೌಕಟ್ಟಿನ ಮೇಲೆ ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆ. ಮುಖ್ಯವಾದದ್ದು ಆ ಗೆರೆಗಳು ಕೂಡುವಲ್ಲಿ ಬರಬೇಕು. ಅಂಚಿನಲ್ಲಿ ಕಣ್ಣನ್ನು ಎಳೆಯುವಂಥದ್ದು ಏನೂ ಇರಬಾರದು. ಕೊನೆಗೆ ಅವಳು ಇನ್ನೊಂದು ಮಾತನ್ನೂ ಬಹಳ ಒತ್ತಿ ಹೇಳಿದಳು. ಆದರೆ ಅಷ್ಟು ಹೊತ್ತಿಗೆ ನನ್ನ ಬೆರಳು ತುರಿಸತೊಡಗಿತ್ತು; ಕಿವಿ ಕೆಲಸ ನಿಲ್ಲಿಸಿತ್ತು.

ಆಹಾ, ಆ ಸಂಜೆ! ಬಾಲ್ಕನಿಯ ಫೋಟೋವನ್ನು ಕತ್ತರಿಸಿದರೆ ಅದರೊಳಗಿಂದ ಪಕ್ಕದ ಮನೆಯ ಬೆಕ್ಕು ಹೊರಬಂತು. ಅದು ಅಲ್ಲಿತ್ತೆಂಬುದೇ ನನಗೆ ತಿಳಿದಿರಲಿಲ್ಲ. ಬೆಕ್ಕನ್ನು ಕತ್ತರಿಸಿದರೆ ಅದರ ಬಾಯಲ್ಲಿ ನಮ್ಮ ಮನೆಯ ಸಾಕ್ಸು! ಕಳೆದುಹೋಯಿತೆಂದು ಹೆಂಡತಿ ನನ್ನನ್ನು ಬೈದಿದ್ದ ಅದೇ ಸಾಕ್ಸು. ಒಂದೊಂದು ಫೋಟೋದ ಹೊಟ್ಟೆಯೊಳಗೆ ಇನ್ನೇನೇನಿದೆಯೋ ಎಂದು ಕುತೂಹಲ ತಡೆಯಲಾರದೆ, ಹಲ್ಲುಜ್ಜಿದ ಮರುಗಳಿಗೆಯೇ ಗ್ರೂಪ್ ಫೋಟೋಗೆ ಕೈ ಹಾಕಿದೆ.

ಫ್ಯಾನು ಹೋಯಿತು. ಮಾವನವರು ಬಲಗಡೆಯ ಗೆರೆಯ ಮೇಲೆ ಬಂದು ನಿಂತರು, ಅತ್ತೆ ಎಡಗಡೆಯ ಗೆರೆಯ ಮೇಲೆ. ಆದರೆ ಎಡ ಅಂಚಿನಲ್ಲಿ ಕಣ್ಣನ್ನು ಎಳೆಯುವಂಥದ್ದೊಂದಿತ್ತು: ಹುಟ್ಟುಹಬ್ಬಕ್ಕೆ ಬಾಡಿಗೆಗೆ ಹಿಡಿದಿದ್ದ ಹಾಲ್‌ನ ಗೋಡೆಯ ಮೇಲೆ "ಶೌಚಾಲಯ ಈ ಕಡೆ" ಎಂಬ ಬಾಣದ ಗುರುತಿನ ಬೋರ್ಡು. ಕತ್ತರಿಸದೆ ಬಿಡುವುದುಂಟೇ? ಬೋರ್ಡು ಹೋಯಿತು. ಅದರ ಕೆಳಗೆ ಒತ್ತೊತ್ತಾಗಿ ನಿಂತಿದ್ದ ಮೂವರೂ ಹೋದರು. ಆ ಹೊತ್ತಿನಲ್ಲಿ ನನಗೆ ಕಾಣುತ್ತಿದ್ದದ್ದು ಗೆರೆಗಳೇ ಹೊರತು ಮನುಷ್ಯರಲ್ಲ.

"ಪ್ರತಿಯಾಗಿ ಉಳಿಸಬೇಕೇ, ಇದ್ದುದನ್ನೇ ಬದಲಿಸಬೇಕೇ?" ಎಂದು ಫೋನು ಕೇಳಿತು. ಪ್ರತಿ ಇಟ್ಟುಕೊಳ್ಳುವುದು ತನ್ನ ಮೇಲೆ ತನಗೇ ನಂಬಿಕೆಯಿಲ್ಲದವರ ಕೆಲಸ! ಬದಲಿಸಿದೆ. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ, ಮೆಚ್ಚುಗೆಗಾಗಿ ಕಾದು ಕೂತೆ.

ಮೊದಲ ಸಂದೇಶ ಭಾವಮೈದುನನದು: "ಭಾವ, ಅಮ್ಮನ ಭುಜದ ಮೇಲಿರೋದು ಯಾರ ಕೈ?"

ನೋಡಿದೆ. ಚಿತ್ರದ ಎಡ ಅಂಚಿನಲ್ಲಿ, ಅತ್ತೆಯ ಭುಜದ ಮೇಲೆ ನಾಲ್ಕು ಬೆರಳು. ಅದರಾಚೆಗೆ ಕೈಯಿಲ್ಲ, ತೋಳಿಲ್ಲ, ಮನುಷ್ಯರಿಲ್ಲ! ಇಡೀ ಗುಂಪು ಮಾವನವರನ್ನು ಮರೆತು ಆ ಬೆರಳುಗಳ ಮೇಲೆ ಮುಗಿಬಿತ್ತು. ಒಬ್ಬರು ಹಿಗ್ಗಿಸಿದರು, ಒಬ್ಬರು ಬೆಳಕು ಹೆಚ್ಚಿಸಿದರು, ಒಬ್ಬರು ಕೆಂಪು ಸುತ್ತು ಹಾಕಿ ಕಳಿಸಿದರು. ಸ್ವತಃ ಅತ್ತೆಯೇ "ನಂಗಂತೂ ಗೊತ್ತೇ ಆಗ್ಲಿಲ್ಲ, ದಪ್ಪ ಸ್ವೆಟರ್ ಹಾಕಿದ್ದೆ" ಎಂದು ಬರೆದರು. ನಿಜ ಹೇಳುತ್ತೇನೆ, ಮಿಕ್ಕವರಿಗಿಂತ ಕೆಟ್ಟ ಕುತೂಹಲ ಹುಟ್ಟಿದ್ದು ನನಗೇ. ಕತ್ತರಿಸಿದವನು ನಾನು, ಏನನ್ನು ಕತ್ತರಿಸಿದೆನೆಂದು ತಿಳಿಯದವನೂ ನಾನು!

ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ರೀ, ಆ ಕಡೆ ನಿಂತಿದ್ದೋರು ಯಾರ್ಯಾರು?"

"ಮೇಲಿನ ಮನೆಯವರು, ಮಾವನವರ ವಾಕಿಂಗ್ ಗೆಳೆಯ, ಆಮೇಲೆ..."

"ಆಮೇಲೆ?"

"...ನಿಮ್ಮ ದೊಡ್ಡಮ್ಮ."

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ದೊಡ್ಡಮ್ಮನೆಂದರೆ ಅತ್ತೆಯ ಸ್ವಂತ ಅಕ್ಕ. ಅವರ ತಾಯಿಯ ಹೊಲಿಗೆಯಂತ್ರವನ್ನು ಅಕ್ಕ ಹೇಳದೆ ಕೇಳದೆ ಯಾರಿಗೋ ಕೊಟ್ಟುಬಿಟ್ಟರೆಂದು ಇಬ್ಬರಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ನನ್ನ ಹೆಂಡತಿ ಕಾಡಿ ಬೇಡಿ, ಇದೊಂದು ಹುಟ್ಟುಹಬ್ಬಕ್ಕೆ ದೊಡ್ಡಮ್ಮನನ್ನು ಕರೆತಂದು, ಫೋಟೋಕ್ಕೆಂಬ ನೆಪದಲ್ಲಿ ಅಕ್ಕತಂಗಿಯರನ್ನು ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿದ್ದಳು. ಅಂಥ ಫೋಟೋ ಅದು!

ಅಷ್ಟರಲ್ಲಿ ಫೋನು ಮಿನುಗಿತು. ದೊಡ್ಡಮ್ಮ ಗುಂಪನ್ನು ತೊರೆದಿದ್ದರು.

"ಮುಗೀತು" ಎಂದಳು ಹೆಂಡತಿ. "ಅಮ್ಮಾನೇ ಕತ್ತರಿಸೋಕೆ ಹೇಳಿದ್ಲು ಅಂದ್ಕೊಂಡಿದಾರೆ. ಇನ್ನು ಈ ಜನ್ಮದಲ್ಲಿ ಅವರು ನಮ್ಮನೆ ಹೊಸ್ತಿಲು ತುಳಿಯಲ್ಲ. ಹಳೇ ಫೋಟೋ ಎಲ್ಲಿ? ವಾಪಸ್ ಹಾಕಿ!"

ನಾನು ಡಿಸೈನರಿಗೆ ಫೋನ್ ಮಾಡಿದೆ. "ನಿನ್ನೆ ಕೊನೇಲಿ ಏನೋ ಹೇಳಿದ್ಯಲ್ಲಮ್ಮ, ಏನದು?"

"ಮೂಲ ಫೋಟೋನ ಮಾತ್ರ ಯಾವತ್ತೂ ಅಳಿಸ್ಬೇಡಿ ಅಂದೆ ಸಾರ್."

ನನ್ನ ಫೋನು ಹಳೆಯದು, ಹೋದದ್ದನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ. ಬೇರೆಯವರ ಫೋನಿನಲ್ಲಿ ಸಿಗುತ್ತದೆಯೇ? ಅದೂ ಇಲ್ಲ. "ಎರಡು ಕ್ಯಾಮರಾ ಇದ್ದರೆ ಕಣ್ಣು ಎರಡು ಕಡೆ ಹೋಗತ್ತೆ" ಎಂದು ಎಲ್ಲರ ಫೋನನ್ನೂ ಒಳಗಿಡಿಸಿದ್ದ ಪುಣ್ಯಾತ್ಮ ನಾನೇ.

ಹೆಂಡತಿ ನನ್ನನ್ನು ಎಳೆದುಕೊಂಡೇ ತವರಿಗೆ ನಡೆದಳು. ಅಲ್ಲಿ ಬೇರೆಯೇ ರಂಪ. ಆ ಬೆರಳು ವಾಕಿಂಗ್ ಗೆಳೆಯನದೇ ಎಂದು ಮಾವನವರು ತೀರ್ಮಾನಿಸಿ, ವಾಕಿಂಗ್ ಶೂ ಬಿಚ್ಚಿ ಕೂತಿದ್ದರು. "ನನ್ನ ಹುಟ್ಟುಹಬ್ಬದ ದಿನ, ನನ್ನ ಹೆಂಡತಿ ಭುಜದ ಮೇಲೆ! ಇಷ್ಟು ವರ್ಷ ಜೊತೆಗೆ ನಡೆದಿದ್ದು ಇದಕ್ಕಾ?"

"ಸುಮ್ನಿರಿ, ನಿಮ್ಮ ಗೆಳೆಯಂಗೆ ಕೈ ಅಷ್ಟು ಎತ್ತರ ಏಳಲ್ಲ, ಭುಜ ನೋವು ಅಂತಿರ್ತಾರೆ" ಎಂದರು ಅತ್ತೆ.

"ಅದು ನಿನಗೆ ಹೇಗೆ ಗೊತ್ತು?" ಎಂದು ಮಾವನವರ ದನಿ ಇನ್ನಷ್ಟು ಎತ್ತರಕ್ಕೆ ಏರಿತು.

ಅತ್ತೆ ನನ್ನ ಫೋನು ಇಸಿದುಕೊಂಡರು. ಗುಂಪಿಗೆ ಹೋದದ್ದು ಮಸುಕು ಪ್ರತಿ, ಫೋನಿನಲ್ಲಿದ್ದದ್ದು ಸ್ಪಷ್ಟವಾಗಿತ್ತು. ಕನ್ನಡಕ ಏರಿಸಿ, ಬೆರಳುಗಳನ್ನು ಹಿಗ್ಗಿಸಿ, ಇನ್ನೂ ಹಿಗ್ಗಿಸಿ, ತೋರುಬೆರಳಿನ ಉಗುರಿನ ಮೇಲೆ ನಿಂತುಬಿಟ್ಟರು. ಆ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು.

"ಇದು ನಾನು ಮಾಡಿದ್ದು" ಎಂದರು ಮೆಲ್ಲಗೆ. "ಚಿಕ್ಕವಳಿದ್ದಾಗ ಅಕ್ಕ ಸೂಜಿಗೆ ದಾರ ಪೋಣಿಸ್ತಿದ್ಲು. ನಾನು ತಮಾಷೆಗೆ ಹೊಲಿಗೆಯಂತ್ರದ ಚಕ್ರ ತಿರುಗಿಸಿಬಿಟ್ಟೆ. ಸೂಜಿ ಉಗುರಲ್ಲೇ ಇಳೀತು. ಅಮ್ಮ ಕೇಳಿದ್ದಕ್ಕೆ, ನಾನೇ ತಿರುಗಿಸ್ಕೊಂಡೆ ಅಂದ್ಲು ಅಕ್ಕ."

ಮಾವನವರು ಸದ್ದಿಲ್ಲದೆ ಶೂ ಹಾಕಿಕೊಳ್ಳತೊಡಗಿದರು. ಅತ್ತೆ ತಾವೇ ನಂಬರು ಒತ್ತಿ, ಸ್ಪೀಕರ್ ಹಾಕಿದರು.

"ಅಕ್ಕಾ, ನನ್ನ ಭುಜದ ಮೇಲೆ ಕೈ ಇಟ್ಟಿದ್ದು ನೀನೇನೇ?"

"ಇಟ್ಟಿದ್ದೆ. ಅದಕ್ಕೇ ಕತ್ತರಿಸಿ ಬಿಸಾಕಿದ್ಯಾ?"

"ನಾನಲ್ಲ ಕಣೇ! ಅಳಿಯಂದ್ರು."

"ಓ, ಅವರಾ? ಹಾಗಿದ್ರೆ ಬಿಡು!" ಎಂದು ದೊಡ್ಡಮ್ಮ ನಕ್ಕರು. ಅತ್ತೆ ನಕ್ಕರು. ನಗುತ್ತಾ ಇಬ್ಬರೂ ಅತ್ತರು. ನನ್ನ ಹೆಂಡತಿಯೂ ಸೇರಿಕೊಂಡಳು.

ನಾನು ಹೆಂಡತಿಯ ಕಡೆ ತಿರುಗಿ ಎದೆಯುಬ್ಬಿಸಿದೆ. "ನೋಡಿದ್ಯಾ? ಇಡೀ ಫೋಟೋದಲ್ಲಿ ಆ ಬೆರಳು ಯಾರ ಕಣ್ಣಿಗೆ ಬೀಳ್ತಿತ್ತು? ನಾನು ಕತ್ತರಿಸಿದ್ದಕ್ಕೇ ತಾನೇ..."

"ಅಕ್ಕನ ಮುಖ ಎಲ್ಲಿ ಅಳಿಯಂದ್ರೇ?" ಎಂದರು ಅತ್ತೆ. "ನಂಗೆ ಗೋಡೆಗೆ ಹಾಕ್ಕೊಳ್ಳೋಕೆ ಇಬ್ಬರ ಮುಖಾನೂ ಬೇಕು."

ಎದೆ ಇಳಿಯಿತು. ಮುಂದಿನ ಭಾನುವಾರ ಎಲ್ಲರೂ ಮತ್ತೆ ಸೇರಿದರು. ಈ ಸಲ ನಾನೂ ಫೋಟೋದಲ್ಲಿರಬೇಕೆಂದು ಹಟ ಹಿಡಿದು, ಪುಸ್ತಕಗಳ ರಾಶಿಗೆ ಹೆಂಡತಿಯ ಫೋನು ಒರಗಿಸಿ, ಟೈಮರ್ ಒತ್ತಿ ಓಡಿದೆ. ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಗತ್ತಿನಿಂದ ನಿಂತೆ. ವಾಕಿಂಗ್ ಗೆಳೆಯ ಮಾತ್ರ ಎರಡೂ ಕೈ ಕಟ್ಟಿಕೊಂಡು, ಅತ್ತೆಯಿಂದ ಆದಷ್ಟು ದೂರದಲ್ಲಿ ನಿಂತಿದ್ದರು.

ಫೋಟೋವನ್ನು ಕ್ರಾಪ್ ಮಾಡಿದ್ದು ಹೆಂಡತಿ. ಮೊದಲು ಮೂಲ ಪ್ರತಿಯನ್ನು ಭದ್ರವಾಗಿ ಎತ್ತಿಟ್ಟುಕೊಂಡೇ ಮಾಡಿದಳು. ಗುಂಪಿಗೆ ಬಂದ ಚಿತ್ರದಲ್ಲಿ ಅಕ್ಕತಂಗಿಯರು ಗೆರೆಗಳು ಕೂಡುವಲ್ಲಿ ಸರಿಯಾಗಿ ನಗುತ್ತಿದ್ದರು. ಬಲ ಅಂಚಿನಲ್ಲಿ ನಾನಿದ್ದೆ. ಅಂದರೆ, ನನ್ನ ಮೊಣಕೈ ಇತ್ತು.

ನಾಲ್ಕು ಬೆರಳಿಗೇ ಅಷ್ಟು ತನಿಖೆ ನಡೆಸಿದ ಕುಟುಂಬ ಇದು. ಇಡೀ ಮೊಣಕೈಗೆ ಇನ್ನೆಷ್ಟು ನಡೆಸೀತು! ಯಾರದೆಂದು ಕೇಳಲಿ, ಆಮೇಲೆ ಹೇಳೋಣವೆಂದು ಫೋನು ಹಿಡಿದು ಕಾದೆ. ಹೂವು ಬಂತು, ಚಪ್ಪಾಳೆ ಬಂತು. ದೊಡ್ಡಮ್ಮ ಗುಂಪಿಗೆ ವಾಪಸು ಬಂದರು. ಕೇಳಿದವರಿಲ್ಲ.

ಕೊನೆಗೂ ಅತ್ತೆಯ ಸಂದೇಶ ಬಂತು, ನನ್ನ ಹೆಸರಿಗೇ:

"ಅಳಿಯಂದ್ರೇ, ಫೋಟೋ ತುಂಬ ಚೆನ್ನಾಗಿದೆ. ಬಲಗಡೆ ಮೂಲೇಲಿ ಏನೋ ಅಡ್ಡ ಬಂದಿದೆ. ನಿಮಗೆ ಕೈ ಪಳಗಿದೆಯಲ್ಲ, ಅದೊಂದು ಕತ್ತರಿಸಿ ಕಳಿಸಿ."